ಕಲಾವತಿಯ ಹಿಮ್ಮಡಿ

ಗಂಡನ ಅಕ್ಕನ ಕಾಲನ್ನು ಜಾನಕಿ ಬೇಕೆಂದೇ ಸುಟ್ಟಳು ಎಂಬ ಮಾತು ಶೆಟಗೇರಿ ತುಂಬ ಹರಡಲು ಎರಡು ದಿನವೂ ಹಿಡಿಯಲಿಲ್ಲ. ಹರಡಿದವಳು ಸ್ವತಃ ಕಲಾವತಿ. ಜಗಲಿಯ ಮೇಲೆ ಕಾಲು ಚಾಚಿ ಕೂತು, ಬೇಲಿಯ ದಣಪೆ ದಾಟಿ ಹೋಗುವವರನ್ನೆಲ್ಲ ಕರೆದು, ಹಿಮ್ಮಡಿಗೆ ಸುತ್ತಿದ ಬಟ್ಟೆ ತೋರಿಸಿ ಹೇಳುತ್ತಿದ್ದಳು: "ನಮ್ಮ ಮಂಜುನ ಹೆಂಡ್ತಿ ಕಾಯ್ಸಿ ಕೊಟ್ಟ ಇಟ್ಟಿಗೆ. ನಾ ಎಂತ ಹೇಳೂಕಾಗ್ತದೆ, ನಾಳೆ ಅವಳ ಕೈಯ ಅನ್ನವೇ ಉಣ್ಬೇಕಲ್ಲ."

ಜಾನಕಿ ಒಳಗೆ ಕಾಯಿ ತುರಿಯುತ್ತ ಇದನ್ನು ಕೇಳಿಸಿಕೊಳ್ಳುತ್ತಿದ್ದಳು. ಕೇಳಲಿ ಎಂದೇ ಕಲಾವತಿ ದನಿ ಏರಿಸುತ್ತಿದ್ದಳು.

ಕಲಾವತಿಗೆ ಐವತ್ತೇಳು. ಮಕ್ಕಳಿಲ್ಲ. ಕಾರವಾರದ ಹಬ್ಬುವಾಡದಲ್ಲಿದ್ದ ಗಂಡ ತೀರಿಕೊಂಡ ಮೇಲೆ ತವರಿಗೆ ಬಂದು ಒಂಬತ್ತು ವರ್ಷವಾಗಿತ್ತು. ತಾಯಿ ಸತ್ತಾಗ ಎಂಟು ವರ್ಷದವನಾಗಿದ್ದ ತಮ್ಮ ಮಂಜುನಾಥನನ್ನು ಸಾಕಿದವಳು ಅವಳೇ. ಹಾಗಾಗಿ ಮರಳಿ ಬಂದ ದಿನವೇ ಅಡುಗೆಮನೆಯ ಕಪಾಟಿನ ಬೀಗದ ಕೈ ಕೇಳಿ ಇಸಿದುಕೊಂಡಿದ್ದಳು. ಜಾನಕಿ ಹದಿನಾಲ್ಕು ವರ್ಷ ನಡೆಸಿದ ಸಂಸಾರದಲ್ಲಿ ಒಂದೇ ದಿನಕ್ಕೆ ಎರಡನೆಯವಳಾದಳು. ಸಾರಿಗೆ ಎಷ್ಟು ಹುಳಿ ಹಿಂಡಬೇಕು ಎಂಬಲ್ಲಿಂದ ಮಗಳು ಪ್ರೇಕ್ಷಾ ಯಾವ ಬಣ್ಣದ ಚೂಡಿದಾರ ಹಾಕಬೇಕು ಎಂಬಲ್ಲಿಯವರೆಗೆ ಮಾತು ಅತ್ತಿಗೆಯದು. ಜಾನಕಿ ಅವಳನ್ನು 'ಅತ್ಗೆ, ನೀವು' ಎಂದು ಮರ್ಯಾದೆಯಿಂದಲೇ ಕರೆಯುತ್ತಿದ್ದಳು. ಒಳಗೆ ಮಾತ್ರ ಆ ಮರ್ಯಾದೆ ಸತ್ತು ಯಾವ ಕಾಲವಾಗಿತ್ತೋ.

ಸುಟ್ಟ ಸಂಗತಿ ನಡೆದದ್ದು ಹೀಗೆ. ಎರಡು ಸಾವಿರದ ಆರರ ಮಾರ್ಚ್ ತಿಂಗಳು. ಕಲಾವತಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಗುಳಿಗೆ ನೆನಪಾದಾಗ ತಿನ್ನುವುದು, ಉಳಿದಂತೆ ಎಲ್ಲ ಉಣ್ಣುವುದು. ಕಾಲು ಜುಮುಜುಮು ಅನ್ನುತ್ತದೆ, ಹಿಮ್ಮಡಿ ಭಾರವಾಗಿದೆ ಎಂದು ಒಂದು ಸಂಜೆ ಬಿಸಿ ಇಟ್ಟಿಗೆ ಕೇಳಿದಳು. ಇಟ್ಟಿಗೆ ಕಾಯಿಸಿ, ಅದರ ಮೇಲೆ ಎಕ್ಕೆಯ ಎಲೆ ಹಾಸಿ, ಬಟ್ಟೆ ಸುತ್ತಿ ಹಿಮ್ಮಡಿ ಊರಿಸುವುದು ಆ ಕಡೆ ಎಲ್ಲರ ಮನೆಯಲ್ಲೂ ಮಾಡುವ ಔಷಧ. ಜಾನಕಿ ಬಚ್ಚಲೊಲೆಯಲ್ಲಿ ಇಟ್ಟಿಗೆ ಕಾಯಿಸಿ ತಂದಿಟ್ಟಳು. ಕಲಾವತಿ ಅದರ ಮೇಲೆ ಎಡಗಾಲಿನ ಹಿಮ್ಮಡಿ ಊರಿ ಟೀವಿ ಧಾರಾವಾಹಿ ನೋಡುತ್ತ ಕೂತಳು. ಧಾರಾವಾಹಿ ಮುಗಿದು ವಾರ್ತೆ ಶುರುವಾಗಿ, ಏನೋ ಕಮರು ವಾಸನೆ ಬರುತ್ತದಲ್ಲ ಎಂದು ಪ್ರೇಕ್ಷಾ ಬಂದು ನೋಡಿದಾಗ ಎಲೆ ಕರಿಯಾಗಿತ್ತು. ಹಿಮ್ಮಡಿ ಎತ್ತಿದರೆ ಚರ್ಮ ಬಟ್ಟೆಗೇ ಅಂಟಿಕೊಂಡು ಬಂತು.

ಕಲಾವತಿಗೆ ಆಗಲೂ ನೋವಿರಲಿಲ್ಲ. ಕಣ್ಣಿಂದ ನೋಡಿದ ಮೇಲೆಯೇ ಕೂಗಿದ್ದು.

ಇಷ್ಟು ಎಲ್ಲರಿಗೂ ಗೊತ್ತಿತ್ತು. ಯಾರಿಗೂ ಗೊತ್ತಿಲ್ಲದ್ದು ಇನ್ನೊಂದಿತ್ತು. ಅದರ ಹಿಂದಿನ ಸೋಮವಾರ ಪ್ರೇಕ್ಷಾಗೆ ನಿಶ್ಚಯವಾಗಿದ್ದ ಕಾರವಾರದ ಸಂಬಂಧ ಮುರಿದು ಬಿದ್ದಿತ್ತು. ಪ್ರೇಕ್ಷಾಗೆ ಎರಡು ವರ್ಷದವಳಿದ್ದಾಗ ಜ್ವರ ನೆತ್ತಿಗೇರಿ ಎರಡು ಸಲ ಫಿಟ್ಸ್ ಬಂದಿತ್ತು. ಆಮೇಲೆ ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಆ ಹಳೆಯ ಸುದ್ದಿಯನ್ನು ಹುಡುಗನ ತಾಯಿಗೆ ಹಬ್ಬುವಾಡದ ಪರಿಚಯದವರ ಮೂಲಕ ಮುಟ್ಟಿಸಿದವಳು ಕಲಾವತಿ. ಇಟ್ಟಿಗೆಯನ್ನು ಕೆಂಡದೊಳಕ್ಕೆ ತಳ್ಳುವಾಗ ಜಾನಕಿಯ ಮನಸ್ಸಿನಲ್ಲಿ ಇದೇ ಇತ್ತು. ದಿನಾ ಕಾಯಿಸುವುದಕ್ಕಿಂತ ಹೆಚ್ಚು ಹೊತ್ತು ಬಿಟ್ಟಿದ್ದಳು. ನಾಲ್ಕು ಮಡಿಕೆ ಸುತ್ತುವ ಬಟ್ಟೆಯನ್ನು ಎರಡೇ ಮಡಿಕೆ ಸುತ್ತಿದ್ದಳು. 'ಒಂದ್ಸಲ ಚುರುಕ್ ಅನ್ಲಿ, ಕಾಲು ಎತ್ತಿ ಕೂಗ್ಲಿ' ಎಂದುಕೊಂಡಿದ್ದಳು. ಕಾಲು ಎತ್ತದೆ ಕೂತೇ ಇರುತ್ತಾಳೆಂದು ಅವಳಿಗೆ ಹೇಗೆ ತಿಳಿಯಬೇಕು.

ಅಂಕೋಲೆಯ ಡಾಕ್ಟರರು ಡ್ರೆಸ್ಸಿಂಗ್ ಮಾಡಿ, ಕಾಲು ಊರಬೇಡಿ, ಸಕ್ಕರೆ ಹಿಡಿತಕ್ಕೆ ತನ್ನಿ ಎಂದರು. ಕಲಾವತಿ ಎರಡನ್ನೂ ಕೇಳಲಿಲ್ಲ. ನೋವೇ ಇಲ್ಲದ ಮೇಲೆ ಊರಿದರೇನು ಎಂದು ಅಂಗಳ, ಬಾವಿಕಟ್ಟೆ ಎಲ್ಲ ಓಡಾಡಿದಳು. ಈಶಾಡ ಮಾವು ಹಣ್ಣಾಗತೊಡಗಿದ ಮೇಲೆ ದಿನಕ್ಕೆ ಮೂರು ನಾಲ್ಕು ತಿಂದಳು. ಜಾನಕಿ ನೋಡಿದರೂ ತಡೆಯಲಿಲ್ಲ. ತಡೆದರೆ ಹಣ್ಣಿಗೂ ಕಣ್ಣು ಹಾಕಿದಳು ಎಂಬ ಮಾತು ಬರುತ್ತಿತ್ತು. ಮೇ ತಿಂಗಳ ಹೊತ್ತಿಗೆ ಹಿಮ್ಮಡಿಯ ಕರಿ ಪೊರೆ ಬಿಟ್ಟು ಒಳಗಿಂದ ಕೀವು ಇಳಿಯಿತು, ಜಗಲಿಗೆ ಬರುವವರು ಮೂಗು ಮುಚ್ಚಿಕೊಳ್ಳತೊಡಗಿದರು. ಕಾರವಾರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸುವುದೆಂದು ಆಯಿತು.

"ಜೊತೆಗೆ ನೀ ಹೋಗು" ಎಂದ ಮಂಜುನಾಥ.

"ನಾನಾ? ಸುಟ್ಟವಳು ನಾನಂತೆ. ಪ್ರೇಕ್ಷಾನ ಕಳ್ಸಿ."

"ಅವಳಿಗೆ ಡಿ.ಎಡ್. ಪರೀಕ್ಷೆ. ನಂಗೆ ಮಾವಿನ ಕೊಯ್ಲು. ಮತ್ತೆ ಹೆಂಗಸರ ವಾರ್ಡಲ್ಲಿ ಗಂಡಸ್ರಿಗೆ ಬಿಡೂದಿಲ್ಲ." ಆಮೇಲೆ ಅವಳ ಮುಖ ನೋಡದೆ ಸೇರಿಸಿದ, "ನೀ ಮಾಡಿದ್ದಲ್ಲ ಅಂದ್ರೆ ನೋಡ್ಕಳ್ಳೂಕೆ ಎಂತ ಅಡ್ಡಿ?"

ಇಪ್ಪತ್ತಮೂರು ವರ್ಷ ಸಂಸಾರ ಮಾಡಿದ ಗಂಡನೂ ಒಳಗೊಳಗೆ ಆ ಮಾತನ್ನು ನಂಬಿದ್ದಾನೆಂದು ಜಾನಕಿಗೆ ತಿಳಿದದ್ದು ಆಗ. ಅವಳು ಎರಡು ಸೀರೆ, ಒಂದು ಚಾದರ ಚೀಲಕ್ಕೆ ತುಂಬಿದಳು.

ಆಸ್ಪತ್ರೆಯಲ್ಲಿ ಮೊದಲ ಹತ್ತು ದಿನ ಇನ್ಸುಲಿನ್, ಸಲೈನು, ಗಾಯ ತೊಳೆಯುವುದು ಇಷ್ಟೇ. ವಾರ್ಡಿನಲ್ಲಿ ಆರು ಮಂಚ. ಕಲಾವತಿ ಮೊದಲ ದಿನವೇ ಉಳಿದ ಐದು ಮಂಚದವರಿಗೆ ಇಟ್ಟಿಗೆಯ ಕಥೆ ಹೇಳಿ ಮುಗಿಸಿದ್ದಳು. ಜಾನಕಿ ನಲ್ಲಿಯ ಹತ್ತಿರ ಹೋದರೆ ಅಲ್ಲಿದ್ದ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು.

ನಾಲ್ಕನೆಯ ದಿನ ಬೆಳಿಗ್ಗೆ ಡ್ರೆಸ್ಸಿಂಗ್ ಮಾಡುವ ರಾಮಾ ಟ್ರೇ ಹಿಡಿದು ಬಂದ. ಅವನ ಹಿಂದೆ ಆಸ್ಪತ್ರೆಯ ಡಾಕ್ಟರರು. ಸತ್ತ ಮಾಂಸ ತೆಗೆಯಬೇಕು ಎಂದರು. ಜಾನಕಿ ಕಾಲು ಹಿಡಿದುಕೊಳ್ಳಬೇಕಾಗಿ ಬಂತು. ಕತ್ತರಿ ಕಚಕಚ ಎಂದು ಹಿಮ್ಮಡಿಯ ಬೂದು ಬಣ್ಣದ ಮಾಂಸವನ್ನು ಕತ್ತರಿಸುತ್ತ ಹೋಯಿತು. ಇಂಜೆಕ್ಷನ್ ಇಲ್ಲ, ಮಂಪರು ಇಲ್ಲ. ಕಲಾವತಿ ಗೋಡೆಯ ಕಡೆ ಮುಖ ಮಾಡಿ ಪಕ್ಕದ ಮಂಚದವಳಿಗೆ ಸೊಸೆಯಂದಿರ ಬಗ್ಗೆ ಏನೋ ಹೇಳುತ್ತಲೇ ಇದ್ದಳು. ರಕ್ತ ಒಸರುವ ಕೆಂಪು ಮಾಂಸ ಕಾಣುವ ತನಕ ಕತ್ತರಿಸಿ, ನಡುವೆ ಬಿಳಿಯ ಎಲುಬು ಇಣುಕಿದ ಮೇಲೆ ಡಾಕ್ಟರರು ಕೈ ನಿಲ್ಲಿಸಿದರು.

"ತೊಳ್ದು ಮುಗೀತಾ? ಕತ್ತರ್ಸೂಕೆ ಶುರು ಮಾಡೂದ್ಯಾವಾಗ?" ಎಂದಳು ಕಲಾವತಿ ತಿರುಗಿ.

ಪಕ್ಕದ ಮಂಚದವಳು ಟ್ರೇಯೊಳಗಿನ ಮಾಂಸದ ಚೂರುಗಳನ್ನೂ ಕಲಾವತಿಯ ಮುಖವನ್ನೂ ನೋಡಿದಳು. ಆಮೇಲೆ ಜಾನಕಿಯ ಕಡೆ ನೋಡಿದಳು. ಜಾನಕಿಗೆ ಗೆದ್ದೆ ಅನಿಸಬೇಕಿತ್ತು. ಅನಿಸಿತು ಕೂಡ. ಆದರೆ ಕೈಯಲ್ಲಿ ಹಿಡಿದ ಆ ಕಾಲು ಬೆಚ್ಚಗಿತ್ತು, ಜೀವವಿತ್ತು, ಕತ್ತರಿ ಆಡಿದರೂ ಒಂದು ಬೆರಳು ಅಲ್ಲಾಡಿರಲಿಲ್ಲ. ಡ್ರೆಸ್ಸಿಂಗ್ ಮುಗಿಯುವ ತನಕ ಹಿಡಿದಿದ್ದು, ಆಮೇಲೆ ನಲ್ಲಿಗೆ ಹೋಗಿ ಕೈ ತೊಳೆದಳು.

ತಿಂಗಳಿಗೆ ಎರಡು ಶನಿವಾರ ಹುಬ್ಬಳ್ಳಿಯಿಂದ ಪ್ಲಾಸ್ಟಿಕ್ ಸರ್ಜನ್ ಬರುತ್ತಿದ್ದರು. ಡಾಕ್ಟರ್ ಭರತ ಬಾಂದೇಕರ, ಮೂಲ ಕಾರವಾರದವರೇ. ನರ್ಸುಗಳ ಜೊತೆ ಕೊಂಕಣಿಯಲ್ಲೇ ಮಾತು. ಬಂದವರು ಮೊದಲು ಜೇಬಿನಿಂದ ಪೆನ್ನಿನಂಥ ಕಡ್ಡಿ ತೆಗೆದರು, ಅದರ ತುದಿಯಲ್ಲಿ ಮೀನಿನ ಗಾಳದ ದಾರದಂಥ ನೈಲಾನ್ ಎಳೆ.

"ಕಣ್ಣು ಮುಚ್ಚಿ, ಕಲಾವತಿ ಬಾಯಿಯವ್ರೇ. ಮುಟ್ಟಿದ್ದು ಗೊತ್ತಾದ ಕೂಡ್ಲೇ ಹೂಂ ಅನ್ನಿ."

ಕಲಾವತಿ ಕಣ್ಣು ಮುಚ್ಚಿದಳು. ಡಾಕ್ಟರರು ಹೆಬ್ಬೆರಳಿಗೆ ಎಳೆ ತಾಗಿಸಿ ಬಾಗಿಸಿದರು.

"ಹೂಂ" ಎಂದಳು ಕಲಾವತಿ, ಸ್ವಲ್ಪ ತಡವಾಗಿ.

ಕಿರುಬೆರಳಿನ ಬುಡ. "ಹೂಂ." ಡಾಕ್ಟರರು ಎಳೆಯನ್ನು ಗಾಳಿಯಲ್ಲೇ ಹಿಡಿದು ಸುಮ್ಮನೆ ನಿಂತರು. "ಹೂಂ" ಎಂದಳು ಕಲಾವತಿ. ಮತ್ತೆ ಸುಮ್ಮನೆ ನಿಂತರು. "ಹೂಂ. ಗೊತ್ತಾಗ್ತದೆ, ಎಲ್ಲ ಗೊತ್ತಾಗ್ತದೆ. ಸುಟ್ಟಾಗ್ಲೂ ಗೊತ್ತಾಗಿತ್ತು. ಬಾಯಿಬಿಟ್ಟು ಹೇಳ್ಲಿಲ್ಲ ಅಷ್ಟೇ."

ಡಾಕ್ಟರರು ಎಳೆಯನ್ನು ಜೇಬಿಗಿಟ್ಟುಕೊಂಡರು. "ಕಾಲಿನ ನರಕ್ಕೆ ಸ್ಪರ್ಶ ಪೂರ್ತಿ ಹೋಗಿದೆ" ಎಂದು ಪಕ್ಕದ ನರ್ಸ್ ನೀತಾಗೆ ಬರೆದುಕೊಳ್ಳಲು ಹೇಳಿದರು.

"ಕೇಳ್ದ್ರಾ ಅತ್ಗೆ?" ಎಂದಳು ಜಾನಕಿ.

"ಅವ್ರ ಕಾಲಾ ಅದು? ಅವ್ರಿಗೆಂತ ಗೊತ್ತು?"

ಆಮೇಲೆ ಡಾಕ್ಟರರು ಪಾದದ ಒಳಬದಿಗೆ ಅಂಟಿನಂಥದ್ದು ಹಚ್ಚಿ, ಒಂದು ಸಣ್ಣ ಯಂತ್ರದ ಕಡ್ಡಿ ಒತ್ತಿದರು. ಯಂತ್ರದಿಂದ ಸುಯ್, ಸುಯ್ ಎಂದು ಶಬ್ದ ಬಂತು, ದೂರದಲ್ಲಿ ಯಾರೋ ಗದ್ದೆಗೆ ನೀರು ಹಾಯಿಸಿದಂತೆ. ಅವರ ಮುಖ ಮೊದಲ ಸಲ ಸಡಿಲವಾಯಿತು.

"ನರ ಹೋಗಿದ್ರೂ ರಕ್ತ ಚೆನ್ನಾಗಿ ಬರ್ತಾ ಇದೆ. ಇದೊಂದು ನಮ್ಮ ಪುಣ್ಯ." ಸ್ಟೂಲು ಎಳೆದು ಕೂತರು. "ಈಗ ಏನೇನು ಮಾಡ್ಬಹುದು ಹೇಳ್ತೇನೆ, ಇಬ್ರೂ ಕೇಳಿ. ಬರೀ ಡ್ರೆಸ್ಸಿಂಗ್ ಮಾಡ್ತಾ ಕೂತ್ರೆ ಎಲುಬು ತೆರೆದು ಬಿದ್ದಿದೆ, ಅದು ಕೊಳೀತದೆ. ತೊಡೆಯ ತೆಳು ಚರ್ಮ ತೆಗೆದು ಅಂಟಿಸ್ಬಹುದು ಅಂದ್ರೆ, ಬರೀ ಎಲುಬಿನ ಮೇಲೆ ಅದು ಹಿಡಿಯೂದಿಲ್ಲ. ಹಿಡಿದ್ರೂ ಹಿಮ್ಮಡಿ ಅಂದ್ರೆ ಮೈಭಾರ ಪೂರ್ತಿ ಬೀಳೋ ಜಾಗ, ನಾಲ್ಕು ದಿನಕ್ಕೆ ಹರೀತದೆ. ಮೀನಖಂಡದ ಚರ್ಮ ಕೆಳಗೆ ತಿರುಗಿಸಿ ತರ್ಬಹುದು, ಆದ್ರೆ ಅದು ಅಂಗಾಲಿನಷ್ಟು ಗಟ್ಟಿ ಅಲ್ಲ. ನಂಗೆ ಮನಸ್ಸಿರೂದು ಇದು." ಅವರು ಕಲಾವತಿಯ ಅಂಗಾಲಿನ ನಡುವೆ, ನೆಲಕ್ಕೆ ತಾಗದ ಕಮಾನಿನ ಮೇಲೆ ಪೆನ್ನಿನಿಂದ ವೀಳ್ಯದೆಲೆಯ ಆಕಾರ ಬರೆದರು. "ಈ ಜಾಗದ ಚರ್ಮ, ಅದರ ಕೊಬ್ಬು, ಅದಕ್ಕೆ ರಕ್ತ ತರೋ ನಾಳ, ಮೂರನ್ನೂ ಒಟ್ಟಿಗೆ ಎತ್ತಿ, ಬೇರು ಕೀಳದೆ ಹಿಂದಕ್ಕೆ ತಿರುಗಿಸಿ ಹಿಮ್ಮಡಿಗೆ ಹೊಲೀತೇನೆ. ಖಾಲಿ ಆದ ಇಲ್ಲಿಗೆ ತೊಡೆಯ ತೆಳು ಚರ್ಮ ಸಾಕು, ಇಲ್ಲಿ ಭಾರ ಬೀಳೂದಿಲ್ಲ."

"ಇಷ್ಟೆಲ್ಲ ಮಾಡಿ ಆಗ್ಲಿಲ್ಲ ಅಂದ್ರೆ?" ಎಂದಳು ಜಾನಕಿ.

"ಮೊಣಕಾಲಿನ ಕೆಳಗೆ ತೆಗೀಬೇಕು. ಈಗ್ಲೇ ತೆಗೀರಿ ಅಂದ್ರೂ ತೆಗೀತೇನೆ. ಗಾಯ ಬೇಗ ಮಾಯ್ತದೆ. ನೀವು ನಿರ್ಧಾರ ಮಾಡಿ. ಒಂದು ಮಾತು. ಚರ್ಮ ತಿರುಗಿಸಿದ್ರೆ ಆರು ವಾರ ಹಿಮ್ಮಡಿ ನೆಲಕ್ಕೆ ತಾಗಬಾರ್ದು. ಅವ್ರಿಗೆ ನೋವು ಗೊತ್ತಾಗೂದಿಲ್ಲ, ಹಾಗಾಗಿ ಅವ್ರ ಕಾಲನ್ನ ಮತ್ತೊಬ್ರು ಕಣ್ಣಿಟ್ಟು ಕಾಯ್ಬೇಕು. ಯಾರಿದ್ದೀರಿ?"

"ನಂಗೆ ಯಾರೂ ಇಲ್ಲ" ಎಂದಳು ಕಲಾವತಿ. ಜಾನಕಿ ಮಂಚದ ತಲೆಯ ಹತ್ತಿರವೇ, ಅವಳ ಉಚ್ಚೆಪಾತ್ರೆ ಕೈಯಲ್ಲಿ ಹಿಡಿದು ನಿಂತಿದ್ದಳು.

ಜಾನಕಿಗೆ ಕಾಲು ತೆಗೆಸಿಬಿಡಿ ಎನ್ನುವ ಮಾತು ನಾಲಗೆಯ ತುದಿಗೆ ಬಂತು. ತಡೆದದ್ದು ಕರುಣೆಯಲ್ಲ. ಕಾಲಿಲ್ಲದ ಕಲಾವತಿ ಇನ್ನು ಇಪ್ಪತ್ತು ವರ್ಷ ಜಗಲಿಯ ಮಂಚದಲ್ಲಿ ಕೂತು, ಬಂದವರಿಗೆಲ್ಲ ಮೋಟು ಕಾಲು ತೋರಿಸಿ, ಇದು ಜಾನಕಿ ಮಾಡಿದ್ದು ಎನ್ನುವ ಚಿತ್ರ ಕಣ್ಣಿಗೆ ಕಟ್ಟಿತು. ಅದರ ಮುಂದೆ ಆರು ವಾರ ಯಾವ ಲೆಕ್ಕ.

"ಹೊಲೀರಿ ಡಾಕ್ಟ್ರೇ. ನಾ ಕಾಯ್ತೆ."

"ಅವಳು ಕಾಯೂದಾದ್ರೆ ಬೇಡ" ಎಂದಳು ಕಲಾವತಿ.

"ಹಾಂಗಾದ್ರೆ ಕತ್ತರ್ಸಿ, ಅತ್ಗೆ. ನಂಗೆ ಎರಡೂ ಒಂದೇ."

ಕಲಾವತಿ ಬಹಳ ಹೊತ್ತು ತನ್ನ ಅಂಗಾಲಿನ ಮೇಲಿನ ಪೆನ್ನಿನ ಗೆರೆ ನೋಡಿದಳು. "ಹೊಲೀರಿ" ಎಂದಳು, ಜಾನಕಿಯ ಕಡೆಗಲ್ಲ, ಡಾಕ್ಟರರ ಕಡೆಗೂ ಅಲ್ಲ, ಕಾಲಿಗೆ ಹೇಳಿದಂತೆ.

ಮರುದಿನ ಭಾನುವಾರ ಆಪರೇಷನ್ ಆಯಿತು. ನಾಲ್ಕೂವರೆ ತಾಸು. ಡಾಕ್ಟರರು ಸಂಜೆ ಹುಬ್ಬಳ್ಳಿಗೆ ಹೊರಡುವ ಮೊದಲು ಜಾನಕಿಯನ್ನು ಕರೆದು ತೋರಿಸಿದರು. ಹಿಮ್ಮಡಿಯ ಹೊಂಡವಿದ್ದಲ್ಲಿ ಊದಿದ, ದಪ್ಪ, ತಿಳಿಗೆಂಪು ಚರ್ಮದ ಬಿಲ್ಲೆ. ಸುತ್ತ ಕಪ್ಪು ಹೊಲಿಗೆ. ಬ್ಯಾಂಡೇಜಿನ ನಡುವೆ ಅದನ್ನು ನೋಡಲೆಂದೇ ಕಿಟಕಿಯಂತೆ ಜಾಗ ಬಿಟ್ಟಿದ್ದರು. ನೀತಾ ಕಲಿಸಿಕೊಟ್ಟಳು: ಬೆರಳಿನಿಂದ ಮೆಲ್ಲಗೆ ಒತ್ತಬೇಕು, ಬೆಳ್ಳಗಾಗಿ ಒಂದು, ಎರಡು ಎನ್ನುವಷ್ಟರಲ್ಲಿ ಕೆಂಪು ತಿರುಗಿ ಬಂದರೆ ಸರಿ. ಬೆಳ್ಳಗೇ ಉಳಿದರೆ ರಕ್ತ ಬರುತ್ತಿಲ್ಲ. ನೀಲಿಗಟ್ಟಿ, ಒತ್ತಿದ ಕೂಡಲೇ ತುಂಬಿಕೊಂಡರೆ ಬಂದ ರಕ್ತ ಹೊರಗೆ ಹೋಗುತ್ತಿಲ್ಲ. ಎರಡರಲ್ಲಿ ಯಾವುದಾದರೂ ಕೂಡಲೇ ಹೇಳಬೇಕು. ತಾಸಿಗೊಮ್ಮೆ ನಾವೂ ನೋಡುತ್ತೇವೆ, ನಡುವೆ ನೀವು ನೋಡಿ.

ಎರಡನೆಯ ದಿನ ಮಧ್ಯಾಹ್ನ ಊಟವಾಗಿ ವಾರ್ಡು ತೂಕಡಿಸುತ್ತಿತ್ತು. ಬೆಳಿಗ್ಗೆಯಿಂದ ಕಲಾವತಿ ಒಂದೇ ಸಮ ಬೈದಿದ್ದಳು. ಗಂಜಿ ಬಿಸಿ ಎಂದು, ಗಂಜಿ ತಣ್ಣಗೆ ಎಂದು, ಹೇಲು ಬಳಿಯುವಾಗ ಜಾನಕಿ ಮುಖ ಸಿಂಡರಿಸಿದಳು ಎಂದು. ಕೊನೆಗೆ ಎಲ್ಲರೂ ಕೇಳುವಂತೆ, "ಮಗಳಿಗೆ ಗಂಡು ಸಿಗ್ಲಿಲ್ಲ ಅಂತ ನನ್ನ ಮೇಲೆ ಹಗೆ ತೀರ್ಸ್ತಾಳೆ" ಎಂದಿದ್ದಳು. ಹೇಳಿ ನಿದ್ದೆ ಹೋಗಿದ್ದಳು.

ಜಾನಕಿ ಎದ್ದು ಕಾಲು ನೋಡಿದಳು. ಕಾಲಡಿಯ ದಿಂಬು ಮಂಚದಿಂದ ಕೆಳಗೆ ಬಿದ್ದಿತ್ತು. ಹೊಸ ಹಿಮ್ಮಡಿ ಹಾಸಿಗೆಗೆ ಒತ್ತಿಕೊಂಡಿತ್ತು. ಪಾದ ಎತ್ತಿ ನೋಡಿದರೆ ಚರ್ಮ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೆರಳು ಒತ್ತಿದಳು. ತೆಗೆಯುವಷ್ಟರಲ್ಲೇ ನೇರಳೆ ತುಂಬಿಕೊಂಡಿತು.

ದಿಂಬು ಎತ್ತಿ ಕಾಲಡಿ ಇಟ್ಟಳು. ಆಮೇಲೆ ವಾರ್ಡಿನ ಕಿಟಕಿಯ ಹತ್ತಿರ ಹೋಗಿ ನಿಂತಳು.

ಯಾಕೆ ನಿಂತಳೆಂದು ಕೇಳಿದರೆ ಅವಳು ಹೇಳಲಾರಳು. ಕೆಳಗೆ ರಸ್ತೆಯಲ್ಲಿ ಒಂದು ರಿಕ್ಷಾ ನಿಂತು, ಮೀನಿನ ಬುಟ್ಟಿಯ ಹೆಂಗಸೊಬ್ಬಳು ಇಳಿದು, ಬುಟ್ಟಿ ತಲೆಗೇರಿಸಿಕೊಂಡು ತಿರುವಿನಲ್ಲಿ ಮರೆಯಾದಳು. ಅಷ್ಟು ಹೊತ್ತು. ಯಾರೂ ನೋಡಿರಲಿಲ್ಲ. ನೀತಾ ಬರಲು ಇನ್ನೂ ಅರ್ಧ ತಾಸಿತ್ತು. ನಾನೂ ಮಲಗಿದ್ದೆ ಎಂದರೆ ಮುಗಿಯಿತು. ಸಾಯುವುದು ಒಂದು ಬಿಲ್ಲೆ ಚರ್ಮ, ಆಮೇಲೆ ಮೊಣಕಾಲಿನ ಕೆಳಗೆ. ಆ ಯೋಚನೆ ಅಷ್ಟು ಸಲೀಸಾಗಿ, ಅಷ್ಟು ಪೂರ್ತಿಯಾಗಿ ಬಂದು ನಿಂತದ್ದು ನೋಡಿ ಅವಳಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು. ಕಿಟಕಿಯ ಸರಳು ಬಿಟ್ಟು ಓಡಿದಳು.

ನೀತಾ ಬಂದಳು, ನೋಡಿದಳು, ಮತ್ತೊಬ್ಬಳನ್ನು ಡಾಕ್ಟರರನ್ನು ಕರೆಯಲು ಓಡಿಸಿದಳು. ಹುಬ್ಬಳ್ಳಿಗೆ ಫೋನು ಹೋಯಿತು. ಆಸ್ಪತ್ರೆಯ ಡಾಕ್ಟರರು ನಾಲ್ಕು ಹೊಲಿಗೆ ಬಿಚ್ಚಿದರು. ಕಾಕಂಬಿಯಂಥ ಕಪ್ಪು ರಕ್ತ ಹನಿಹನಿಯಾಗಿ ಇಳಿಯಿತು. ಬಿಗಿದ ಬ್ಯಾಂಡೇಜು ಸಡಿಲಿಸಿ, ಕಾಲನ್ನು ಎತ್ತರಕ್ಕೆ ಕಟ್ಟಿದರು. ಮುಕ್ಕಾಲು ತಾಸು ಕಳೆದ ಮೇಲೆ ನೇರಳೆಯ ನಡುವೆ ಕೆಂಪು ಮೂಡಿತು. ಅಂಚು ಮಾತ್ರ ಒಂದು ಬೆರಳಗಲ ಕರಿಯಾಗಿಯೇ ಉಳಿಯಿತು.

ಗಲಾಟೆಗೆ ಎಚ್ಚರಾದ ಕಲಾವತಿ ರಕ್ತ ನೋಡಿದಳು. "ಎಂತ ಮಾಡ್ದೆ ನೀ? ಸಿಸ್ಟರ್, ಇವಳೇ ದಿಂಬು ಎಳೆದ್ಳು. ನಾ ಮಲಗಿದ್ದಾಗ ಒತ್ತಿದ್ಳು."

ನೀತಾಗೆ ತಡೆಯಲಾಗಲಿಲ್ಲ. "ಬಾಯಿ, ಅವ್ರು ಬಂದು ಹೇಳದಿದ್ರೆ ಸಂಜೆ ಹೊತ್ತಿಗೆ ಈ ಚರ್ಮ ಸತ್ತೇ ಹೋಗ್ತಿತ್ತು. ಮಲಗಿದಲ್ಲಿ ದಿಂಬು ಒದ್ದವ್ರು ನೀವು. ನಿಮ್ಗೆ ಒದ್ದದ್ದೂ ಗೊತ್ತಾಗ್ಲಿಲ್ಲ." ಅಷ್ಟು ಹೇಳಿ ಟ್ರೇ ಎತ್ತಿಕೊಂಡು ಹೋದಳು.

ಇಬ್ಬರೇ ಉಳಿದರು. ಉಳಿದ ಮಂಚದವರು ಕಣ್ಣು ಮುಚ್ಚಿಕೊಂಡರೂ ಕಿವಿ ತೆರೆದೇ ಇದ್ದರು. ಕಲಾವತಿ ಮೆಲ್ಲಗೆ ಕೇಳಿದಳು. ಅವಳು ಮೆಲ್ಲಗೆ ಮಾತಾಡಿದ್ದು ಒಂಬತ್ತು ವರ್ಷದಲ್ಲಿ ಅದೇ ಮೊದಲು.

"ಆ ದಿನ ಇಟ್ಟಿಗೆ ಕಾಯ್ಸುವಾಗ ಎಂತ ಅಂದ್ಕಂಡಿದ್ದೆ? ಖರೇ ಹೇಳು."

ಜಾನಕಿ ಸ್ಟೂಲಿನಲ್ಲಿ ಕೂತಳು. ಎರಡು ತಿಂಗಳಿಂದ ಗಂಡನಿಗೆ, ಮಗಳಿಗೆ, ಊರಿಗೆ ಹೇಳಿದ, ಬೇಕೆಂದು ಮಾಡಿದ್ದಲ್ಲ ಎಂಬ ಒಂದೇ ಉತ್ತರ ಬಾಯಲ್ಲಿತ್ತು. ಅದು ಹೊರಗೆ ಬರಲಿಲ್ಲ.

"ಸುಡ್ಲಿ ಅಂದ್ಕಂಡಿದ್ದೆ."

ಕಲಾವತಿ ತಲೆ ಆಡಿಸಿದಳು. "ನಂಗೆ ಗೊತ್ತಿತ್ತು."

"ಒಂದ್ಸಲ ಚುರುಕ್ ಅನ್ಲಿ ಅಂತ. ನೀವು ಕಾಲೇ ಎತ್ತೂದಿಲ್ಲ ಅಂತ ನಂಗೇನು ಗೊತ್ತು?"

"ನಂಗೇ ಗೊತ್ತಿರ್ಲಿಲ್ಲ."

ಆ ಒಂದು ಮಾತಿಗಾಗಿ ಜಾನಕಿ ಎರಡು ತಿಂಗಳು ಹಲ್ಲು ಕಚ್ಚಿ ಕಾದಿದ್ದಳು. ಈಗ ಬಂದಾಗ ಅದರಿಂದ ಏನೂ ಆಗಲಿಲ್ಲ. ಎದೆಯಲ್ಲಿದ್ದ ಬೇರೊಂದು ಮಾತು ಎದ್ದು ಬಂತು.

"ಈಗ ನೀವು ಹೇಳಿ. ಪ್ರೇಕ್ಷಾನ ಫಿಟ್ಸ್ ಸುದ್ದಿ ಆ ಮನೆಗೆ ಮುಟ್ಟ್ಸುವಾಗ ಎಂತ ಅಂದ್ಕಂಡಿದ್ರಿ?"

"ಮುರೀಲಿ ಅಂತ್ಲೇ."

"ಎಂತಕ್ಕೆ? ಅವಳು ನಿಮ್ಗೆ ಎಂತ ಮಾಡಿದ್ಳು?"

"ಅವಳೆಂತ ಮಾಡ್ತಾಳೆ. ಆ ಮನೇಲಿ ನನ್ನ ಹತ್ರ ಮುಖ ಕೊಟ್ಟು ಮಾತಾಡೂದು ಅವಳೊಬ್ಳು. ಅವಳೂ ಹೋದ್ರೆ ನಂಗೆ ನೀರು ಕೊಡೂರು ಯಾರು? ನೀನಾ?"

"ನಾ ಕೊಡ್ತಿರ್ಲಿಲ್ಲ" ಎಂದಳು ಜಾನಕಿ.

"ಅದೇ ಮತ್ತೆ."

ಜಾನಕಿಗೆ ಅವಳ ಕೆನ್ನೆಗೆ ಬಾರಿಸಬೇಕು ಅನಿಸಿತು. ಮಗಳ ಬಾಳಿನ ಒಂದು ಬಾಗಿಲನ್ನು ಒಂದು ಲೋಟ ನೀರಿಗಾಗಿ ಮುಚ್ಚಿದವಳು. ಜಾನಕಿ ಎದ್ದು, ಬ್ಯಾಂಡೇಜಿನ ಕಿಟಕಿಯಲ್ಲಿ ಬೆರಳು ಹಾಕಿ, ಒತ್ತಿ, ಒಂದು, ಎರಡು ಎಂದುಕೊಂಡಳು. ಕೆಂಪು ತಿರುಗಿ ಬಂತು.

"ಹೆಂಗದೆ?" ಎಂದಳು ಕಲಾವತಿ.

"ಅದೆ" ಎಂದಳು ಜಾನಕಿ.

ಕರಿಯಾದ ಅಂಚನ್ನು ಆಮೇಲೆ ಕತ್ತರಿಸಿ ತೆಗೆದರು. ಅದು ತುಂಬಿಕೊಳ್ಳಲು ಆರು ವಾರದ ಮೇಲೆ ಇನ್ನೂ ಒಂದು ತಿಂಗಳು ಬೇಕಾಯಿತು. ಮಳೆಗಾಲ ಪೂರ್ತಿ ಕಲಾವತಿ ಒಳಕೋಣೆಯಲ್ಲಿ ಕಾಲು ಎತ್ತಿ ಮಲಗಿ, ಕಮೋಡ್ ಕುರ್ಚಿಗೆ ಒಂದು ಕಾಲಲ್ಲಿ ಕುಪ್ಪಳಿಸಿದಳು. ಹಿಡಿದುಕೊಳ್ಳಲು ಬಂದ ಜಾನಕಿಯ ತೋಳಿಗೆ ಉಗುರು ಊರಿಸಿಯೇ ಹಿಡಿಯುತ್ತಿದ್ದಳು. ಗಣೇಶ ಚೌತಿಯ ಹೊತ್ತಿಗೆ, ಡಾಕ್ಟರರು ಅಳತೆ ತೆಗೆದು ಮಾಡಿಸಿಕೊಟ್ಟ ಮೆತ್ತನೆ ರಬ್ಬರಿನ ಚಪ್ಪಲಿ ಹಾಕಿ, ಅಂಗಳದ ತನಕ ನಡೆದಳು. ನಡೆದವಳು ಮೊದಲು ಮಾಡಿದ್ದು, ಪಕ್ಕದ ಮನೆಯ ಹೊನ್ನುವನ್ನು ಕರೆದು ಹೊಸ ಹಿಮ್ಮಡಿ ತೋರಿಸಿದ್ದು.

"ಕಾಲು ಉಳೀತು ಅನ್ನು ಅಕ್ಕಾ" ಎಂದಳು ಹೊನ್ನು.

"ದೇವರು ಉಳ್ಸ್ದ. ಅವಳು ಸುಟ್ಟಿದ್ದು ಸುಳ್ಳಾ ಮತ್ತೆ?"

ಒಳಗಿದ್ದ ಜಾನಕಿ ಆ ದಿನ ಹೊರಗೆ ಬರಲಿಲ್ಲ, ಉತ್ತರ ಕೊಡಲಿಲ್ಲ. ಹೆದರಿಕೆಯಿಂದಲ್ಲ. ಖರೆಯಾದ ಮಾತು ಆಸ್ಪತ್ರೆಯಲ್ಲಿ ಇಬ್ಬರ ನಡುವೆ ಆಗಿಹೋಗಿತ್ತು, ಊರಿಗೆ ಹೇಳಲು ಅದರಲ್ಲಿ ಏನೂ ಉಳಿದಿರಲಿಲ್ಲ. ಗಂಡನಿಗೂ ಅವಳು ಮತ್ತೆ ಆಣೆ ಪ್ರಮಾಣ ಮಾಡಲಿಲ್ಲ. ಅಡುಗೆಮನೆ ಕಪಾಟಿನ ಬೀಗದ ಕೈ ಮಾತ್ರ ಈಗ ಅವಳ ಸೊಂಟದಲ್ಲಿತ್ತು. ಕಲಾವತಿ ಕೇಳಿದಳು, ಕೊಡಲಿಲ್ಲ.

ಡಿಸೆಂಬರಿನಲ್ಲಿ ಪ್ರೇಕ್ಷಾಗೆ ಕುಮಟೆಯಿಂದ ಒಂದು ಸಂಬಂಧ ಬಂತು. ಹುಡುಗಿ ನೋಡಲು ಬರುವ ದಿನ ಬೆಳಿಗ್ಗೆಯೇ ಜಾನಕಿ ಕಲಾವತಿಯನ್ನು ಪಕ್ಕದ ಮನೆಯ ಹೊನ್ನುವಿನ ಜೊತೆ ಕಾರವಾರಕ್ಕೆ, ಕಾಲು ತೋರಿಸಲು ಕಳಿಸಿಬಿಟ್ಟಳು. ಹುಡುಗನ ತಾಯಿಗೆ ಫಿಟ್ಸ್‌ನ ಸಂಗತಿಯನ್ನು ತಾನೇ ಬಾಯಿಬಿಟ್ಟು ಹೇಳಿದಳು. ಆ ಹೆಂಗಸು ತನ್ನ ಎರಡನೆಯ ಮಗನಿಗೂ ಸಣ್ಣವನಿದ್ದಾಗ ಹಾಗೇ ಆಗಿತ್ತು ಎಂದು ಹೇಳಿ ಚಹಾ ಕುಡಿದಳು. ಮದುವೆ ಫೆಬ್ರವರಿಗೆ ನಿಂತಿತು.

ಸಂಜೆ ಹಿಂದಿರುಗಿ ಸುದ್ದಿ ಕೇಳಿದ ಕಲಾವತಿ ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಳು. "ನನ್ನ ಕಾಲಿನ ನೆಪ ಮಾಡಿ ನನ್ನೇ ಹೊರಗೆ ಹಾಕ್ದೆ."

"ಹೌದು" ಎಂದಳು ಜಾನಕಿ.

ದಿನಾ ಸಂಜೆ ಎರಡೂ ಪಾದ ಬೆಳಕಿಗೆ ಹಿಡಿದು, ಬೆರಳ ಸಂದಿ ಸಂದಿ ನೋಡಬೇಕೆಂದು ಡಾಕ್ಟರರು ಹೇಳಿದ್ದರು. ಪ್ರೇಕ್ಷಾ ಅದನ್ನು ಮಾಡುತ್ತಿದ್ದಳು. ಅವಳು ಗಂಡನ ಮನೆಗೆ ಹೋದ ಮೂರನೆಯ ಸಂಜೆ ಜಾನಕಿ ಕನ್ನಡಕ ಹಾಕಿಕೊಂಡು ಬಂದು, ಕಲಾವತಿಯ ಮಂಚದ ಬುಡದಲ್ಲಿ ಕೂತು, ಕೇಳದೆಯೇ ಅವಳ ಕಾಲೆಳೆದು ತೊಡೆಯ ಮೇಲಿಟ್ಟುಕೊಂಡಳು. ಕಲಾವತಿ ಕಾಲು ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು. ಜಾನಕಿ ಬಿಡಲಿಲ್ಲ. ಹೊಸ ಹಿಮ್ಮಡಿ ಗಟ್ಟಿಯಾಗಿತ್ತು. ಬಲಗಾಲಿನ ಕಿರುಬೆರಳಿನ ಪಕ್ಕ ಹೆಸರುಕಾಳಿನಷ್ಟು ಗುಳ್ಳೆ ಎದ್ದಿತ್ತು.

"ಎಂತ ಅದೆ?"

"ಗುಳ್ಳೆ. ನಾಳೆ ಕಾರವಾರಕ್ಕೆ ಹೋಗ್ಬೇಕು."

"ನಾ ಬರೂದಿಲ್ಲ. ನಿನ್ನ ಜೊತೆ ಮೊದ್ಲೇ ಬರೂದಿಲ್ಲ."

"ಜೊತೆಗೆ ಕೂರೂಕೆ ಯಾರು ಹೇಳ್ದ್ರು?"

ಮರುದಿನ ಅಂಕೋಲೆ ಸ್ಟ್ಯಾಂಡಿನಲ್ಲಿ ಬೆಳಗಿನ ಬಸ್ಸು ಹತ್ತಿದರು. ಕಲಾವತಿ ಮುಂದಿನ ಸಾಲಿನಲ್ಲಿ ಕೂತು ಎಡಗಾಲನ್ನು ನಡುದಾರಿಗೆ ಚಾಚಿದಳು. ಜಾನಕಿ ಮೂರು ಸಾಲು ಹಿಂದೆ ಕೂತಳು. ಅವರ್ಸಾ ಸ್ಟಾಪಿನಲ್ಲಿ ಬಸ್ಸು ತುಂಬಿತು. ಹೆಗಲ ಮೇಲೆ ಅಕ್ಕಿಯ ಚೀಲ ಹೊತ್ತವನೊಬ್ಬ ಸೀಟು ಹುಡುಕುತ್ತ ನುಗ್ಗಿ ಬರುತ್ತಿದ್ದ, ಅವನ ಕಣ್ಣು ಮೇಲಿತ್ತು.

"ಹೋಯ್, ಕೆಳಗೆ ನೋಡ್ಕಂಡು ಬಾರಾ. ಕಾಲು ಅದೆ ಅಲ್ಲಿ" ಎಂದು ಜಾನಕಿ ಹಿಂದಿನಿಂದ ಗದರಿದಳು. ಇಡೀ ಬಸ್ಸು ತಿರುಗಿ ನೋಡಿತು.

ಕಲಾವತಿ ಮಾತ್ರ ತಿರುಗಲಿಲ್ಲ. ಕಾಲನ್ನು ಕೈಯಿಂದ ಎತ್ತಿ ಸೀಟಿನ ಒಳಗೆ ಇಟ್ಟುಕೊಂಡು, ಕಿಟಕಿಯ ಹೊರಗೆ ನೋಡುತ್ತ ಕೂತಳು.